ಲಂಗರು ಬಿಡುವ ಮುಂಚೆ

ಬಂದರಿನ ಗೇಟಿನಲ್ಲಿ ಒಂದು ಬೆಳಿಗ್ಗೆ ಬಟ್ಟೆಯ ಗಂಟಿನ ವಿಷಯಕ್ಕೆ ಜಗಳ ಹತ್ತಿಕೊಂಡಿತು. ಒಂದು ಕಡೆ ಗೇಟು ಕಾಯುವ ಹೆಂಗಸು. ಇನ್ನೊಂದು ಕಡೆ ಅವಳ ಸ್ವಂತ ತಮ್ಮನ ಹೆಂಡತಿ.

ತಮ್ಮನ ಹೆಂಡತಿ ಬಂದರಿನ ಹೊರಗೆ ಲಾಂಡ್ರಿ ಇಟ್ಟುಕೊಂಡಿದ್ದಳು. ಹಡಗಿನವರ ಹಾಸಿಗೆ ಬಟ್ಟೆ, ಮಸಿ ಹಿಡಿದ ಅಂಗಿ ಪ್ಯಾಂಟು ಎಲ್ಲ ತಂದು ಒಗೆದು, ಇಸ್ತ್ರಿ ಮಾಡಿ, ಗಂಟು ಕಟ್ಟಿ ವಾಪಸ್ ತಲುಪಿಸುವುದು ಅವಳ ಕೆಲಸ. ಹಾಗಾಗಿ ದಿನವೂ ಈ ಗೇಟು ದಾಟಲೇಬೇಕು.

"ಗಂಟು ಬಿಚ್ಚಮ್ಮ."

"ಅತ್ತಿಗೆ, ಈಗ ತಾನೇ ಇಸ್ತ್ರಿ ಮಾಡಿದ್ದು. ಬಿಚ್ಚಿದ್ರೆ ಮಡಿಕೆ ಎಲ್ಲಾ ಹಾಳಾಗುತ್ತೆ."

"ಹಾಳಾದ್ರೆ ಮತ್ತೆ ಮಡಿಸೋಣ. ನಾನೂ ಒಂದು ಕೈ ಹಾಕ್ತೀನಿ. ಬಿಚ್ಚು."

"ನಿನ್ನೆ ನಮ್ಮನೇಲೇ ಊಟ ಮಾಡಿದ್ರಿ. ಇವತ್ತು ನನ್ನನ್ನೇ ಕಳ್ಳಿ ಥರ ನಿಲ್ಲಿಸ್ತೀರಾ?"

"ಊಟ ಚೆನ್ನಾಗಿತ್ತು. ಗಂಟು ಬಿಚ್ಚು."

ಹಿಂದೆ ಸಾಲಾಗಿ ನಿಂತಿದ್ದ ಲಾರಿ ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೆಲ್ಲ ಆ ಕಾವಲಿನ ಹೆಂಗಸಿಗೆ 'ಬೀಗದಕ್ಕ' ಎಂದೇ ಹೆಸರಿಟ್ಟಿದ್ದರು. ಒಬ್ಬ ಕೂಗಿದ: "ಏನ್ ಲಾಂಡ್ರಿಯಮ್ಮ, ಬೀಗರ ಕಾಟ ಕೇಳಿದ್ದೆ, ನಿಮಗೆ ಬೀಗದ ಕಾಟ!"

ಬೀಗದಕ್ಕ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಒಂದೊಂದೇ ಬಟ್ಟೆ ಎತ್ತಿ ನೋಡಿದಳು, ಹೇಳಿದ ಮಾತಿನಂತೆ ಮಡಿಸಿಕೊಟ್ಟಳು, ಮುಂದಿನ ಲಾರಿಯವನಿಗೆ ಕೈ ತೋರಿಸಿದಳು. "ಈಗ ನಗಾಡಿದವ್ರು ಪಾಸ್ ತೆಗೀರಿ. ಸೀಟಿನ ಕೆಳಗಡೆನೂ ನೋಡ್ಬೇಕು."

ಸಂಜೆ ಬೀಗದಕ್ಕ ಲಾಂಡ್ರಿಯ ಹಿಂದಿರುವ ತಮ್ಮನ ಮನೆಗೆ ಬಂದಾಗ ಇನ್ನೊಂದು ಜಗಳ ಶುರುವಾಯಿತು. ಗಂಡ ಮನೆಯಲ್ಲಿದ್ದ. ಅವನು ಹಡಗಿನ ಅಡುಗೆಯವ. ಇಷ್ಟು ವರ್ಷ ಸಾಮಾನು ಸಾಗಿಸುವ ಸಣ್ಣ ದೋಣಿಗಳಲ್ಲಿ ದುಡಿದವನಿಗೆ ಮೊದಲ ಸಲ ದೊಡ್ಡ ಹಡಗಿನಲ್ಲಿ ಕೆಲಸ ಸಿಕ್ಕಿತ್ತು. ಆದರೆ ಹಡಗು ಹತ್ತುವ ಮುಂಚೆ ಭದ್ರತಾ ತರಬೇತಿ ಮುಗಿಸಿರಬೇಕು ಎಂದು ಕಂಪನಿಯವರು ಹೇಳಿದ್ದರು. ಅವನಿಗೆ ಅದೇ ಬೇಸರ. ರಜೆ ಮುಗಿಯುತ್ತಾ ಬಂದಿತ್ತು. ಉಳಿದ ನಾಲ್ಕು ದಿನ ಮಗಳ ಜೊತೆ ಕಳೆಯೋಣವೆಂದರೆ ತರಗತಿಯಲ್ಲಿ ಕೂರಬೇಕು.

"ನಾನೇನು ಕೋವಿ ಹಿಡ್ಕೊಂಡು ನಿಲ್ಲೋನಾ? ಸೌಟು ಹಿಡಿಯೋನು," ಎಂದು ಅವನು ಅಕ್ಕನ ಮುಂದೆ ಗೊಣಗಿದ. "ಸೌಟಿಗೆ ಯಾವ ಭದ್ರತೆ ಅಕ್ಕಾ? ಸಾರು ಸೀದು ಹೋಗದೇ ಇದ್ರೆ ಸಾಕು."

ಹೆಂಡತಿ ದನಿಗೂಡಿಸಿದಳು. "ಅದೂ ಅಲ್ದೆ, ಪೇಟೇಲಿ ಒಬ್ಬ ಏಜೆಂಟ್ ಇದಾನಂತೆ. ಹೆಸರು, ಫೋಟೊ ಕೊಟ್ರೆ ಸಾಕು, ಸರ್ಟಿಫಿಕೇಟ್ ಮನೆಗೇ ಬರುತ್ತಂತೆ. ತರಗತಿಗೆ ಹೋಗೋದೇ ಬೇಡ."

ಬೀಗದಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಆ ಏಜೆಂಟ್ ನಿನ್ನ ಜೊತೆ ಹಡಗು ಹತ್ತುತ್ತಾನೇನೋ?"

"ಅವನ್ಯಾಕೆ ಹತ್ತುತ್ತಾನೆ?"

"ಮತ್ತೆ ಕಷ್ಟ ಬಂದಾಗ ಯಾರನ್ನ ಕೇಳ್ತೀಯ? ಕಾಗದದಲ್ಲಿ ನೀನು ಕಲಿತೋನು. ಹಡಗಿನಲ್ಲಿರೋರು ಅದನ್ನ ನಂಬ್ಕೊಂಡೇ ನಿನಗೊಂದು ಜವಾಬ್ದಾರಿ ಕೊಡ್ತಾರೆ. ಎಲ್ಲಾರೂ ನಿನ್ನ ಮುಖ ನೋಡ್ತಿರುವಾಗ ಏನು ತೋರಿಸ್ತೀಯ, ಕಾಗದಾನಾ?"

"ಅಕ್ಕಾ, ಅಡುಗೆ ಮನೆಗೆ ಯಾರು ಬರ್ತಾರೆ?"

"ಯಾರು ಬರಲ್ಲ ಹೇಳು! ಕ್ಯಾಪ್ಟನ್ನಿಂದ ಹಿಡಿದು ಕಸ ಗುಡಿಸೋನವರೆಗೆ ಎಲ್ಲಾರೂ ನಿನ್ನ ಹತ್ರಾನೇ ಊಟಕ್ಕೆ ಬರ್ತಾರೆ. ಹಡಗಿನಲ್ಲಿರೋ ಅಷ್ಟೂ ಮುಖ ನಿನಗೆ ಗೊತ್ತಿರುತ್ತೆ. ಹೊಸ ಮುಖ ಬಂದ್ರೆ ಮೊದಲು ಗೊತ್ತಾಗೋದೂ ನಿನಗೇ. ಆದ್ರೆ ಗೊತ್ತಾದ ಮೇಲೆ ಏನು ಮಾಡ್ಬೇಕು ಅನ್ನೋದು ಕಲೀಬೇಕಲ್ವಾ?"

"ಆಯ್ತು, ಹೋಗ್ತೀನಿ ಬಿಡು," ಎಂದ ಅವನು. ಮನಸ್ಸು ಒಪ್ಪಿ ಅಲ್ಲ. ಇನ್ನೂ ವಾದ ಮಾಡಿದರೆ ಅಕ್ಕ ರಾತ್ರಿ ಊಟಕ್ಕೂ ಅಲ್ಲೇ ಕೂತು ಹೇಳುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಮಾರನೆಯ ದಿನ ಮುಖ ಊದಿಸಿಕೊಂಡೇ ತರಬೇತಿಗೆ ಹೊರಟ. ಹೆಂಡತಿಯೂ ಅವನ ಜೊತೆ ಒಂದಿಷ್ಟು ಮುಖ ಊದಿಸಿಕೊಂಡಳು.

ತರಬೇತಿಯ ಕೋಣೆಯಲ್ಲಿ ಹಳೆಯ ಬೆಂಚುಗಳು, ಗೋಡೆಗೆ ಹಡಗಿನ ದೊಡ್ಡ ನಕ್ಷೆ. ಪಾಠ ಹೇಳುವ ಮೇಷ್ಟ್ರು ನಿವೃತ್ತ ನಾವಿಕರು. ಬೆಳಿಗ್ಗೆಯೆಲ್ಲ ಏನೇನೋ ಮಾತಾಡಿದರು. ನಡುವೆ ಒಬ್ಬ ಬಂದು ಎಲ್ಲರಿಗೂ ಚಹಾ ಕೊಟ್ಟು ಹೋದ. ನಮ್ಮ ಅಡುಗೆಯವನು ಎರಡನೇ ಸಲವೂ ಕೇಳಿ ಹಾಕಿಸಿಕೊಂಡ. ಚಹಾ ಮುಗಿದ ಮೇಲೆ ಮೇಷ್ಟ್ರು ಕೇಳಿದರು:

"ಕೊನೇ ಬೆಂಚಿನ ಕೆಳಗೆ ಒಂದು ಕಪ್ಪು ಚೀಲ ಇದೆ. ಯಾರದು?"

ಎಲ್ಲರೂ ತಿರುಗಿ ನೋಡಿದರು. ಚೀಲ ಇತ್ತು. ಯಾರದೂ ಅಲ್ಲ. ಅದರ ಮುಂದಿನ ಬೆಂಚಿನವನು ಎದ್ದು ಅದನ್ನು ಎತ್ತಲು ಕೈ ಚಾಚಿದ.

"ಮುಟ್ಟಬೇಡಪ್ಪಾ!" ಎಂದು ಮೇಷ್ಟ್ರು ಗದರಿದರು. "ಯಾರದ್ದು, ಏನಿದೆ ಅಂತ ಗೊತ್ತಿಲ್ಲದ ಚೀಲಕ್ಕೆ ಕೈ ಹಾಕ್ತೀಯಲ್ಲ, ನಿನ್ನ ಕೈ ಅಷ್ಟು ಅಗ್ಗನಾ? ದೂರ ಸರಿ. ಬೇರೆಯವರನ್ನೂ ದೂರ ಸರಿಸು. ಮೇಲಿನವರಿಗೆ ಹೇಳು. ಇರ್ಲಿ, ಈ ಚೀಲ ಇಟ್ಟೋನು ಯಾರು ಗೊತ್ತಾ? ನಿಮಗೆ ಚಹಾ ಕೊಟ್ಟೋನು. ಅವನು ನನ್ನ ಅಳಿಯ. ಇಲ್ಲಿ ಕೆಲಸ ಮಾಡೋನೇ ಅಲ್ಲ. ಅವನ ಕೊರಳಲ್ಲಿ ಪಾಸ್ ಇತ್ತಾ?"

ಯಾರಿಗೂ ನೆನಪಿಲ್ಲ.

"ಚಹಾ ಕೆಟಲ್ ಕೈಯಲ್ಲಿತ್ತು, ಅಷ್ಟೇ ನಿಮಗೆ ಸಾಕಾಯ್ತು. ಕೆಟ್ಟ ಕೆಲಸಕ್ಕೆ ಬರೋನು ಕೆಂಪು ಕಣ್ಣು ಬಿಟ್ಕೊಂಡು ಬರಲ್ಲ. ಕೆಲಸದವನ ಬಟ್ಟೆ ಹಾಕ್ಕೊಂಡು, ನಗ್ತಾ ಬರ್ತಾನೆ."

ಅಡುಗೆಯವನ ಕಿವಿ ಬಿಸಿಯಾಯಿತು. ಎರಡು ಲೋಟ ಚಹಾ ಕುಡಿದಿದ್ದರೂ ಆ ಮನುಷ್ಯನಿಗೆ ಮೀಸೆ ಇತ್ತೋ ಇಲ್ಲವೋ ಎಂಬುದೂ ಅವನಿಗೆ ಜ್ಞಾಪಕವಿರಲಿಲ್ಲ. ಅಂದಿನಿಂದ ಅವನು ಮುಂದಿನ ಬೆಂಚಿಗೆ ಬಂದು ಕೂತ.

ಕಲಿಸಿದ್ದು ತುಂಬ ದೊಡ್ಡ ಸಂಗತಿಗಳಲ್ಲ. ಹೊಸಬರು ಕಂಡರೆ ಮರ್ಯಾದೆಯಿಂದಲೇ ಕೇಳಬೇಕು, ಯಾರನ್ನು ನೋಡಬೇಕಿತ್ತು, ಪಾಸ್ ತೋರಿಸ್ತೀರಾ ಎಂದು. ಮುಖ ಮಾತ್ರವಲ್ಲ, ಕೈ, ಕಾಲು, ಬಟ್ಟೆ ನೋಡಬೇಕು. ಹೇಳುವ ಕೆಲಸಕ್ಕೂ ಬಟ್ಟೆಗೂ ಹೊಂದುತ್ತದೆಯೇ ಎಂದು ಯೋಚಿಸಬೇಕು. ಹಡಗು ಎಲ್ಲಿಗೆ ಹೋಗುತ್ತಿದೆ, ಏನು ಹೊತ್ತಿದೆ ಎಂದು ಫೋನಿನಲ್ಲಿ ಊರಿಗೆಲ್ಲ ಸಾರಬಾರದು. ಬೇರೆಯವರ ಸಾಮಾನು ನಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಾರದು. ಹಡಗು ಹೊರಡುವ ಮೊದಲು ಪ್ರತಿಯೊಬ್ಬರೂ ತಮ್ಮ ಜಾಗವನ್ನು ಹುಡುಕಿ ನೋಡಬೇಕು, ಸುಮ್ಮನೆ ಬಾಗಿಲಲ್ಲಿ ನಿಂತು ಇಣುಕುವುದಲ್ಲ. ಅನುಮಾನ ಬಂದರೆ ತಾನೇ ಮುನ್ನುಗ್ಗಬಾರದು, ಹಡಗಿನ ಭದ್ರತಾ ಅಧಿಕಾರಿಗೆ ಹೇಳಬೇಕು.

"ಅನುಮಾನ ಸುಳ್ಳಾದ್ರೆ ಸಾರ್?" ಎಂದು ಅಡುಗೆಯವನು ಕೇಳಿದ. "ಎಲ್ಲಾರೂ ನಗಲ್ವಾ?"

"ನಗ್ಲಿ ಬಿಡು. ನಕ್ಕರೆ ಯಾರೂ ಸಾಯಲ್ಲ," ಎಂದರು ಮೇಷ್ಟ್ರು.

ತರಬೇತಿ ಮುಗಿಸಿ ಅವನು ಹತ್ತಿದ ಹೊಸ ಹಡಗು ದೊಡ್ಡದು. ಅಡುಗೆ ಮನೆಯೇ ಹೆಂಡತಿಯ ಲಾಂಡ್ರಿಗಿಂತ ಅಗಲ. ಹಡಗಿನಲ್ಲಿ ಭದ್ರತೆಯ ಹೊಣೆ ಹೊತ್ತಿದ್ದವರು ಚೀಫ್ ಆಫೀಸರ್ ಮೇಡಂ. ತೆಳ್ಳನೆಯ ಆಳು, ಮಾತು ಕಡಿಮೆ, ನಡಿಗೆ ಜೋರು. ಅಡುಗೆಯವನಿಗೆ ಅವರನ್ನು ಕಂಡರೆ ಅಕ್ಕನ ನೆನಪಾಗುತ್ತಿತ್ತು. ಅದಕ್ಕೇ ಸ್ವಲ್ಪ ದೂರವೇ ಇರುತ್ತಿದ್ದ.

ಒಂದು ಬಂದರಿನಲ್ಲಿ ಹಡಗಿಗೆ ಬಣ್ಣ ಹೊಡೆಯಲು ಹೊರಗಿನಿಂದ ಒಂದು ತಂಡ ಬಂತು. ಮಧ್ಯಾಹ್ನ ಬಿಸಿಲು ಕುಲುಮೆಯಂತಿತ್ತು. ಅಡುಗೆಯವನು ಒಂದು ದೊಡ್ಡ ಪಾತ್ರೆ ತುಂಬ ನಿಂಬೆ ಪಾನಕ ಮಾಡಿ ಡೆಕ್ಕಿನ ಮೇಲೆ ತಂದಿಟ್ಟು ಎಲ್ಲರಿಗೂ ಹಂಚಿದ. ಬಣ್ಣದವರ ನೀಲಿ ಅಂಗಿ, ಕೈ, ಹುಬ್ಬಿನ ಮೇಲೆಲ್ಲ ಕೆಂಪು ಬಣ್ಣ. ಇಬ್ಬರು ಮಾತ್ರ ಸ್ವಲ್ಪ ಆಚೆ ನಿಂತಿದ್ದರು. ಅವರೂ ಅದೇ ನೀಲಿ ಅಂಗಿ ತೊಟ್ಟಿದ್ದರು, ಆದರೆ ಅಂಗಿಯ ಮೇಲೆ ಒಂದು ಚುಕ್ಕೆ ಬಣ್ಣವಿಲ್ಲ. ಲೋಟ ತೆಗೆದುಕೊಂಡ ಕೈಗಳೂ ಸ್ವಚ್ಛ. ಉಳಿದವರ ಕಾಲಲ್ಲಿ ದಪ್ಪ ಬೂಟು, ಇವರ ಕಾಲಲ್ಲಿ ರಬ್ಬರ್ ಚಪ್ಪಲಿ. ಇಬ್ಬರೂ ಒಂದೇ ಉಸಿರಿಗೆ ಕುಡಿದು, ಮಾತಾಡದೆ ಲೋಟ ಹಿಂದೆ ಕೊಟ್ಟರು. ಒಬ್ಬನ ಗಡ್ಡ ಅರ್ಧ ನರೆತಿತ್ತು. ಅಡುಗೆಯವನು ಏನೋ ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ನೆನಪಾಗಿ ಓಡಿದ.

ಸಂಜೆ ಬಣ್ಣದ ತಂಡ ಹಡಗಿನ ಏಣಿ ಇಳಿದು ಹೋಯಿತು. ಅಡುಗೆಮನೆಯ ಕಿಟಕಿಯಿಂದ ಅವನು ನೋಡಿದ. ಎಲ್ಲರೂ ಬಣ್ಣ ಮೆತ್ತಿಕೊಂಡವರೇ. ನರೆಗಡ್ಡದವನಿಲ್ಲ. ಚಪ್ಪಲಿ ಕಾಲುಗಳಿಲ್ಲ.

ಅವನು ಏಣಿಯ ಬಳಿ ಕಾವಲಿದ್ದ ನಾವಿಕನ ಹತ್ತಿರ ಹೋದ.

"ತಮ್ಮಾ, ಬಣ್ಣದವ್ರು ಎಲ್ಲಾ ಇಳಿದ್ರಾ?"

"ಎಲ್ಲಾ ಇಳಿದ್ರು ಅಣ್ಣಾ."

"ಬೆಳಿಗ್ಗೆ ಹತ್ತೋವಾಗ ಒಬ್ಬೊಬ್ಬರದೂ ಪಾಸ್ ನೋಡಿದ್ಯಾ?"

ನಾವಿಕ ತಲೆ ಕೆರೆದುಕೊಂಡ. "ಅವರ ಮೇಸ್ತ್ರಿ ಮುಂದೆ ಇದ್ನಲ್ಲ. ಇವ್ರೆಲ್ಲ ನಮ್ಮೋರೇ ಅಂದ. ಯಾಕಣ್ಣಾ, ಪಾನಕದ ಲೋಟ ಏನಾದ್ರೂ ಹೊತ್ಕೊಂಡು ಹೋದ್ರಾ?"

ಪಕ್ಕದಲ್ಲಿದ್ದವರು ನಕ್ಕರು. ಹಡಗು ಹೊರಡುವ ಹೊತ್ತಾಗಿತ್ತು. ದಾರಿ ತೋರಿಸುವ ಪೈಲಟ್ ಬಂದು ಮೇಲೆ ಕೂತಾಗಿತ್ತು, ಹಡಗನ್ನು ಎಳೆಯುವ ಟಗ್ ದೋಣಿಗಳು ಪಕ್ಕಕ್ಕೆ ಬಂದು ಹೊಗೆ ಬಿಡುತ್ತಿದ್ದವು. ಈಗ ಹೋಗಿ ಚಪ್ಪಲಿಯ ಕಥೆ ಹೇಳಿದರೆ ಯಾರು ಕೇಳುತ್ತಾರೆ? ಅಡುಗೆಯವನು ಅಡುಗೆಮನೆಗೆ ವಾಪಸ್ ನಡೆದ. ಬಾಗಿಲ ತನಕ ಹೋದವನು ಒಳಗೆ ಕಾಲಿಡಲಾರದೆ ನಿಂತ. ತಾನು ಕಂಡದ್ದು ಕಂಡದ್ದೇ. ನಕ್ಕರೆ ನಗಲಿ. ಏಪ್ರನ್ ಬಿಚ್ಚಿ ಅಲ್ಲೇ ಎಸೆದು ನೇರ ಚೀಫ್ ಆಫೀಸರ್ ಬಳಿ ಹೋದ.

ಮೇಡಂ ನಗಲಿಲ್ಲ. "ಯಾವ ಬಣ್ಣದ ಚಪ್ಪಲಿ?" ಎಂದು ಕೇಳಿದರು.

"ಒಬ್ಬನದು ನೀಲಿ, ಇನ್ನೊಬ್ಬನದು ಹಳದಿ ಪಟ್ಟಿ."

ಅವರು ರೇಡಿಯೊ ಎತ್ತಿದರು. ಇಡೀ ಹಡಗನ್ನು ಮತ್ತೆ ಹುಡುಕಲು ಶುರುಮಾಡಿದರು. ಉಗ್ರಾಣ, ಶೈತ್ಯದ ಕೋಣೆ, ಇಂಜಿನ್ ಕೋಣೆಯ ಮೂಲೆ, ಜೀವರಕ್ಷಕ ದೋಣಿಗಳ ಹೊದಿಕೆ, ಎಲ್ಲ ನೋಡಿದರು. ಯಾರೂ ಸಿಗಲಿಲ್ಲ. ಮೇಲಿನಿಂದ ಕ್ಯಾಪ್ಟನ್ ದನಿ ಬಂತು. "ಪೈಲಟ್ ಕಾಯ್ತಿದ್ದಾರೆ. ಇನ್ನೆಷ್ಟು ಹೊತ್ತು?"

ಮೇಡಂ ಡೆಕ್ಕಿನ ಕೆಲಸ, ಲಂಗರು ನೋಡಿಕೊಳ್ಳುವ ಹಡಗಿನದೇ ಮೇಸ್ತ್ರಿಯ ಕಡೆ ತಿರುಗಿದರು. "ಸರಪಳಿ ಕೋಣೆ ನೋಡಿದ್ರಾ?"

ಹಡಗಿನ ಮುಂಭಾಗದಲ್ಲಿ ಲಂಗರಿನ ಸರಪಳಿ ಗುಡ್ಡೆಯಾಗಿ ಬಿದ್ದಿರುವ ಒಂದು ಆಳವಾದ ಕಬ್ಬಿಣದ ಕೋಣೆ ಇರುತ್ತದೆ. ಕಿಟಕಿಯಿಲ್ಲ, ಬೆಳಕಿಲ್ಲ. ಸರಪಳಿಯ ಒಂದೊಂದು ಕೊಂಡಿಯೂ ಒಬ್ಬ ಆಳು ಎತ್ತಲಾರದಷ್ಟು ಭಾರ. ಲಂಗರು ಬಿಟ್ಟರೆ ಆ ಸರಪಳಿ ಗುಡುಗಿದಂತೆ ಸದ್ದು ಮಾಡುತ್ತಾ ಮೇಲಕ್ಕೆ ಹಾರಿ ಹೊರಗೆ ಓಡುತ್ತದೆ. ಆಗ ಒಳಗೆ ಯಾರಾದರೂ ಇದ್ದರೆ ಅವರ ಮೂಳೆಯೂ ಉಳಿಯುವುದಿಲ್ಲ. ಬಂದರು ದಾಟುವವರೆಗೆ ಲಂಗರನ್ನು ಯಾವ ಕ್ಷಣದಲ್ಲಾದರೂ ಬಿಡಲು ಸಿದ್ಧವಾಗಿ ಇಟ್ಟಿರುತ್ತಾರೆ.

"ಅದರ ಮುಚ್ಚಳಕ್ಕೆ ಬೋಲ್ಟು ಹಾಕಿದೆ ಮೇಡಂ," ಎಂದ ಮೇಸ್ತ್ರಿ. "ಅದರೊಳಗೆ ಯಾರು ಹೋಗ್ತಾರೆ? ಹೋದೋನು ಹೆಣಾನೇ."

"ಹೋಗೋರಿಗೆ ಅದು ಗೊತ್ತಿರಲ್ವಲ್ಲ ಮೇಸ್ತ್ರಿ," ಎಂದರು ಮೇಡಂ. ರೇಡಿಯೊದಲ್ಲಿ ಕ್ಯಾಪ್ಟನ್‌ಗೆ ಹೇಳಿದರು: "ಸಾರ್, ಒಂದು ಜಾಗ ಉಳಿದಿದೆ. ಅದನ್ನ ನೋಡದೆ ಹೊರಡೋದು ಬೇಡ ಅಂತ ನನ್ನ ಮಾತು."

ಕ್ಯಾಪ್ಟನ್ ಹೇಳಿದರು: "ನೋಡಿ. ಪೈಲಟ್‌ಗೆ ನಾನು ಹೇಳ್ತೀನಿ. ಲಂಗರಿನ ಹತ್ರ ಯಾರೂ ಕೈ ಹಾಕ್ಬೇಡಿ."

ಮೇಸ್ತ್ರಿ ದೊಡ್ಡ ಸ್ಪ್ಯಾನರ್ ತಂದು ಮೊದಲ ಬೋಲ್ಟಿಗೆ ಹಾಕಿದ. ಅದಕ್ಕೆ ಸ್ಪ್ಯಾನರೇ ಬೇಕಾಗಲಿಲ್ಲ. ಬೆರಳಲ್ಲಿ ತಿರುಗಿಸಿದರೆ ಬಿಚ್ಚಿಕೊಂಡಿತು; ಯಾರೋ ಬಿಚ್ಚಿ, ಹೊರಗಿನಿಂದ ಮತ್ತೆ ಸಡಿಲವಾಗಿ ಸಿಕ್ಕಿಸಿದ್ದರು. ಅವನ ಮುಖದ ಬಣ್ಣ ಇಳಿಯಿತು.

ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಸರಪಳಿಯ ರಾಶಿಯ ಮೇಲೆ ಇಬ್ಬರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತಿದ್ದರು. ಬೆಳಕಿಗೆ ಕಣ್ಣು ಮುಚ್ಚಿ, ಹೊಡೆಯಬೇಡಿ ಎನ್ನುವಂತೆ ಕೈ ಮೇಲೆತ್ತಿದರು.

ಡೆಕ್ಕಿನ ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ತನ್ನ ಕೈಗಳನ್ನೇ ನೋಡಿಕೊಂಡ. ಲಂಗರು ಬಿಡುವ ಹಿಡಿಕೆ ಇರುವುದು ಅವನ ಕೈಯಲ್ಲಿ. "ನನ್ನ ಕೈಯಿಂದಲೇ ಆಗ್ತಿತ್ತಲ್ಲಪ್ಪಾ," ಎಂದು ಅದೊಂದೇ ಮಾತನ್ನು ಹೇಳುತ್ತಾ ಹೋದ.

ಇಬ್ಬರನ್ನೂ ಮೇಲೆ ತಂದರು. ಒಬ್ಬ ನಾವಿಕ ಸಿಟ್ಟಿನಿಂದ ಮುಂದೆ ಬಂದಾಗ ಮೇಡಂ ಅಡ್ಡ ನಿಂತರು. "ಯಾರೂ ಕೈ ಮಾಡೋ ಹಾಗಿಲ್ಲ. ಇವರ ಬಳಿ ಏನಿದೆ ನೋಡಿ, ಆಮೇಲೆ ನೀರು ಕೊಡಿ, ಊಟ ಕೊಡಿ. ಬಂದರಿನ ಅಧಿಕಾರಿಗಳು ಬರೋವರೆಗೆ ಇವರ ಜೀವದ ಹೊಣೆ ನಮ್ಮದು." ಅವರ ಬಳಿ ಒಂದು ಬಾಟಲಿ ನೀರು ಮತ್ತು ಒಂದು ಚಿಕ್ಕ ಬಟ್ಟೆಯ ಚೀಲ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಅಣ್ಣ ತಮ್ಮಂದಿರು. ಬೇರೆ ದೇಶದಲ್ಲಿ ಕೆಲಸ ಹುಡುಕಲು ಹೊರಟವರು. ಅಡುಗೆಯವನು ಬಿಸಿ ಅನ್ನ ಬಡಿಸಿದ. ಅಣ್ಣ, ಆ ನರೆಗಡ್ಡದವನು, ಒಂದು ತುತ್ತೂ ತಿನ್ನದೆ ಮುಚ್ಚಳದ ಕಡೆಗೇ ನೋಡುತ್ತಿದ್ದ. ಸರಪಳಿ ಓಡಿದರೆ ಏನಾಗುತ್ತದೆ ಎಂದು ಮೇಸ್ತ್ರಿ ಕೈಸನ್ನೆಯಲ್ಲಿ ತೋರಿಸಿದ. ಅದು ಅರ್ಥವಾದ ಮೇಲೆ ಆ ಅಣ್ಣ ತಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತ.

ಏಣಿಯ ಬಳಿ ಕಾವಲಿದ್ದ ನಾವಿಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಅಣ್ಣಾ, ನಾನು ಆ ಭದ್ರತಾ ತರಗತೀಲಿ ಕೂತೇ ಇಲ್ಲ. ಯಾರೋ ಸರ್ಟಿಫಿಕೇಟ್ ಮಾಡಿಸಿಕೊಟ್ರು. ಇವತ್ತು ಎರಡು ಹೆಣ ನನ್ನ ತಲೆ ಮೇಲೆ ಬೀಳೋದಿತ್ತು."

ಅಡುಗೆಯವನಿಗೆ ಬೈಯಲು ಬಾಯಿ ಬರಲಿಲ್ಲ. ಅಕ್ಕನೊಬ್ಬಳು ಅಡ್ಡ ನಿಲ್ಲದಿದ್ದರೆ ಆ ಜಾಗದಲ್ಲಿ ತಾನೇ ಇರುತ್ತಿದ್ದ. "ಮೇಡಂ ಹತ್ರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳು," ಎಂದ. "ಹೇಳಿ, ತರಬೇತಿಗೆ ಕಳಿಸಿ ಅಂತ ಕೇಳ್ಕೋ. ನಾನೂ ಜೊತೆಗೆ ಬರ್ತೀನಿ, ನಡಿ." ಇಬ್ಬರೂ ಹೋದರು. ಆ ನಾವಿಕನನ್ನು ಅಂದೇ ಹಡಗಿನಿಂದ ಇಳಿಸಿದರು. ತರಬೇತಿ ಮುಗಿಸಿ ಬಂದರೆ ಮಾತ್ರ ಮತ್ತೆ ಕೆಲಸ ಎಂದರು. ಅವನು ತಲೆ ತಗ್ಗಿಸಿ ಒಪ್ಪಿಕೊಂಡ.

ಅಡುಗೆಯವನು ಮುಂದಿನ ಬಂದರಿನಿಂದ ಮನೆಗೆ ಫೋನ್ ಮಾಡಿದ. ಹಡಗಿನ ಹೆಸರು, ದಾರಿ ಏನೂ ಹೇಳಲಿಲ್ಲ. ನಡೆದದ್ದನ್ನಷ್ಟೇ ಹೇಳಿದ. ಕೊನೆಗೆ "ಅಕ್ಕಂಗೆ ಹೇಳು..." ಎಂದು ಶುರುಮಾಡಿ, "ಚೆನ್ನಾಗಿದೀನಿ ಅಂತ ಹೇಳು" ಎಂದು ಮುಗಿಸಿದ.

ಹೆಂಡತಿ ಆ ರಾತ್ರಿ ಯೋಚಿಸುತ್ತಾ ಮಲಗಿದಳು. ಅದೇ ವಾರ ಅವಳ ಲಾಂಡ್ರಿಗೆ ಒಬ್ಬ ಬಂದ. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು.

"ಅಮ್ಮಾ, ನಾಳೆ ಆ ಬಿಳೀ ಹಡಗಿಗೆ ಬಟ್ಟೆ ಕೊಡೋಕೆ ಹೋಗ್ತೀರಲ್ವಾ? ಅಲ್ಲಿ ನನ್ನ ಗೆಳೆಯ ಇದಾನೆ. ಈ ಪೊಟ್ಟಣ ಬಟ್ಟೆ ಮಧ್ಯೆ ಇಟ್ಬಿಡಿ. ಬರೀ ಔಷಧಿ. ಪಾಪ, ಅವನಿಗೆ ಹುಷಾರಿಲ್ಲ."

ಒಂದು ತಿಂಗಳ ಹಿಂದೆ ಆಗಿದ್ದರೆ ಅವಳು ಪಾಪ ಎಂದು ಇಟ್ಟುಬಿಡುತ್ತಿದ್ದಳು. ಈಗ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಅವನ ಮುಖವನ್ನು ಚೆನ್ನಾಗಿ ನೋಡಿದಳು.

"ಔಷಧಿ ಆದ್ರೆ ಗೇಟಿನಲ್ಲೇ ತೋರಿಸಿ ಕೊಡ್ಬಹುದಲ್ಲ ಅಣ್ಣಾ. ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ. ಗೇಟಿನಲ್ಲಿರೋದು ನಮ್ಮ ಅತ್ತಿಗೇನೇ."

ಅವನು ಪೊಟ್ಟಣ ಜೇಬಿಗಿಳಿಸಿ, ಅರ್ಜೆಂಟ್ ಕೆಲಸವಿದೆ ಎಂದು ಮೋಟಾರ್ ಸೈಕಲ್ ಹತ್ತಿದ. ಅವಳು ಬೆನ್ನಟ್ಟಲಿಲ್ಲ, ಕೂಗಲೂ ಇಲ್ಲ. ಗಾಡಿಯ ನಂಬರನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಗೇಟಿನವರೆಗೂ ಓಡಿದಳು. ಬೀಗದಕ್ಕ ಮೇಲಿನವರಿಗೆ ತಿಳಿಸಿದಳು. ಅವನು ಊರ ಹೊರಗಿನ ತಿರುವಿನಲ್ಲೇ ಪೊಲೀಸರ ಕೈಗೆ ಸಿಕ್ಕಿಬಿದ್ದ. ಪೊಟ್ಟಣದಲ್ಲಿ ಇದ್ದದ್ದು ಔಷಧಿಯಲ್ಲ, ಮಾದಕ ವಸ್ತು. ಅದು ಗಂಟಿನಲ್ಲಿ ಸಿಕ್ಕಿದ್ದರೆ ಜೈಲು ಸೇರುತ್ತಿದ್ದವಳು ಲಾಂಡ್ರಿಯವಳು.

"ಹೆದರಿದ್ಯಾ?" ಎಂದು ಅತ್ತಿಗೆ ಕೇಳಿದಳು.

"ಹೆದರಿಕೆ ಈಗ ಆಗ್ತಿದೆ ಅತ್ತಿಗೆ. ಆಗ ನಂಬರು ಮರೀದೇ ಇದ್ರೆ ಸಾಕು ಅನ್ನೋದೊಂದೇ ಇತ್ತು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬಂದರಿನಲ್ಲಿ ಕೆಲಸ ಮಾಡೋರಿಗೂ ತರಬೇತಿ ಇದೆಯಂತಲ್ಲ, ಲಾಂಡ್ರಿಯವ್ರನ್ನ ಸೇರಿಸ್ಕೊಳ್ತಾರಾ?"

"ಸೇರಿಸ್ಕೊಳ್ದೆ ಏನು? ಕ್ಯಾಂಟೀನಿನವ್ರು, ಲಾರಿಯವ್ರು ಎಲ್ಲಾ ಬರ್ತಾರೆ."

"ಹಾಗಾದ್ರೆ ಸೋಮವಾರ ಅಂಗಡಿ ಬಾಗಿಲು ಹಾಕ್ತೀನಿ. ನನ್ನನ್ನ ಮುಂದಿನ ಬೆಂಚಿನಲ್ಲಿ ಕೂರಿಸಿ."

ಸೋಮವಾರ ಅವಳು ಹೋದಳು. ಒಬ್ಬಳೇ ಅಲ್ಲ, ಬಂದರಿಗೆ ತರಕಾರಿ ಹಾಕುವ ಇಬ್ಬರು ಹೆಂಗಸರನ್ನೂ ಕೈ ಹಿಡಿದು ಎಳೆದುಕೊಂಡೇ ಹೋದಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆಲಸ ಹಡಗಿನ ಮೇಲಿರಲಿ, ಬಂದರಿನಲ್ಲಿರಲಿ, ಸೌಟು, ಸ್ಪ್ಯಾನರ್, ಸ್ಟೀರಿಂಗ್ ಏನೇ ನಿಮ್ಮ ಕೈಯಲ್ಲಿರಲಿ, ಭದ್ರತೆ ಕಾವಲಿನವರ ಕೆಲಸ ಮಾತ್ರ ಎಂದುಕೊಳ್ಳಬೇಡಿ. ತರಬೇತಿಗೆ ಖುದ್ದಾಗಿ ಹೋಗಿ, ಕೂತು ಕಲಿಯಿರಿ. ದುಡ್ಡು ಕೊಟ್ಟು ತಂದ ಸರ್ಟಿಫಿಕೇಟ್ ಯಾರ ಜೀವವನ್ನೂ ಉಳಿಸುವುದಿಲ್ಲ. ನಿಮ್ಮ ಪಾಸ್ ಇನ್ನೊಬ್ಬರಿಗೆ ಕೊಡಬೇಡಿ, ಇನ್ನೊಬ್ಬರ ಪೊಟ್ಟಣ ನೀವು ಹೊರಬೇಡಿ. ಗೇಟಿನಲ್ಲಿ ತಪಾಸಣೆ ಮಾಡಿದರೆ ಅವಮಾನವೆಂದು ಮುನಿಯಬೇಡಿ. ಅನುಮಾನ ಬಂದರೆ ನಾಚಿಕೊಳ್ಳದೆ, ತಡಮಾಡದೆ, ಸಂಬಂಧಪಟ್ಟವರಿಗೆ ಹೇಳಿ.

ನಿಮ್ಮ ಹತ್ತಿರದ ಬಂದರಿನಲ್ಲಿ ಮುಂದಿನ ತರಬೇತಿ ಯಾವಾಗ ಎಂದು ಇವತ್ತೇ ವಿಚಾರಿಸಿ. ಹೋಗುವಾಗ ನಿಮ್ಮ ಜೊತೆ ಕೆಲಸ ಮಾಡುವ ಒಬ್ಬರನ್ನಾದರೂ ಕರೆದುಕೊಂಡು ಹೋಗಿ.